ಅಂಟುಮೀನಿನ ಸವಾರಿ

ಜೀವಶಾಸ್ತ್ರದ ಪರೀಕ್ಷೆಯಲ್ಲಿ “ಸಹಭೋಜನಕ್ಕೆ ಒಂದು ಉದಾಹರಣೆ ಕೊಡಿರಿ” ಎಂಬ ಪ್ರಶ್ನೆ ಬಂದರೆ ಅನೇಕ ವಿದ್ಯಾರ್ಥಿಗಳು ಹಿಂದುಮುಂದು ನೋಡದೆ ಬರೆಯುವ ಉತ್ತರವೊಂದಿದೆ: “ಶಾರ್ಕ್ ಮತ್ತು ರೆಮೋರ ಮೀನು. ಈ ಸಂಬಂಧದಲ್ಲಿ ರೆಮೋರಕ್ಕೆ ಲಾಭವುಂಟು. ಶಾರ್ಕಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.” ಉತ್ತರಕ್ಕೆ ಪೂರ್ಣ ಅಂಕಗಳು ದೊರೆಯುತ್ತವೆ, ಅಲ್ಲಿಗೆ ಆ ಮೀನಿನ ವಿಷಯವೂ ಮುಗಿಯುತ್ತದೆ. ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲವೆಂಬ ತೀರ್ಪನ್ನು ಕೊಡುವ ಮೊದಲು ಶಾರ್ಕಿನ ನಡವಳಿಕೆಯನ್ನು ಯಾರಾದರೂ ಪರೀಕ್ಷಿಸಿದ್ದಾರೆಯೆ? ರೆಮೋರಕ್ಕೆ ದೊರೆಯುವ ಲಾಭವಾದರೂ ಯಾವ ಬಗೆಯದು? ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿರಿಸಿಕೊಂಡು ಆ ಮೀನಿನ ಜೀವನಕ್ರಮವನ್ನು ನೋಡುತ್ತ ಹೋದರೆ, ಒಂದು ಸಾಲಿನ ಆ ಉತ್ತರ ಎಷ್ಟು ತೆಳುವಾದುದೆಂಬುದು ತಾನಾಗಿ ಗೋಚರಿಸುತ್ತದೆ.

ರೆಮೋರಗಳು ಉಷ್ಣವಲಯದ ಮತ್ತು ಅದಕ್ಕೆ ಹೊಂದಿಕೊಂಡ ಬೆಚ್ಚನೆಯ ಕಡಲುಗಳ ಮೀನುಗಳು. ಇವುಗಳದು ಎಕೆನೀಡೇ ಎಂಬ ಚಿಕ್ಕ ಕುಟುಂಬ. ಜಗತ್ತಿನಲ್ಲೆಲ್ಲ ಸೇರಿ ಎಂಟೇ ಪ್ರಭೇದಗಳು. ಇವುಗಳಲ್ಲಿ ದೊಡ್ಡದು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಎಕೆನೀಸ್ ನಾಕ್ರೇಟಿಸ್. ಇದು ಸುಮಾರು ಒಂದು ಮೀಟರಿನವರೆಗೆ ಬೆಳೆಯುತ್ತದೆ. ಅರಬ್ಬಿ ಸಮುದ್ರವೂ, ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯೂ ಇದರ ಹರವಿನೊಳಗೇ ಸೇರಿವೆ. ಈ ಲೇಖನದಲ್ಲಿ ಇಡೀ ಕುಟುಂಬವನ್ನು ‘ಅಂಟುಮೀನು’ ಎಂದು ಕರೆಯೋಣ. ಹೆಸರೇ ಅದರ ಕೆಲಸವನ್ನು ಹೇಳುತ್ತದೆ.

ಅಂಟುಮೀನಿನ ದೇಹ ನೀಳವಾಗಿದೆ. ಕೆಳದವಡೆ ಮೇಲ್ದವಡೆಗಿಂತ ಮುಂದಕ್ಕೆ ಚಾಚಿಕೊಂಡಿದೆ. ಹೆಚ್ಚಿನ ಮೀನುಗಳಿಗೆ ನೀರಿನಲ್ಲಿ ತೇಲಲು ನೆರವಾಗುವ ಗಾಳಿಚೀಲ ಇದಕ್ಕಿಲ್ಲ. ಈಜು ಬಾರದ ಮೀನೇನಲ್ಲ, ಚೆನ್ನಾಗಿಯೇ ಈಜಬಲ್ಲುದು. ಆದರೆ ಈಜು ನಿಲ್ಲಿಸಿದರೆ ಮುಳುಗತೊಡಗುತ್ತದೆ. ಇದರ ನೆತ್ತಿಯ ಮೇಲೆ, ಮೂತಿಯ ತುದಿಗೆ ತುಸು ಹಿಂದಿನಿಂದ ಆರಂಭವಾಗಿ ಕತ್ತಿನ ಆಚೆಯವರೆಗೆ, ಅಂಡಾಕಾರದ ಚಪ್ಪಟೆಯಾದ ಒಂದು ಬಿಲ್ಲೆಯಿದೆ. ಬಿಲ್ಲೆಯ ಸುತ್ತ ಮೆತ್ತನೆಯ ತುಟಿಯಂಥ ಅಂಚು. ಒಳಗೆ ಕಿಟಕಿಯ ಅಡ್ಡಪಟ್ಟಿಗಳನ್ನು ನೆನಪಿಗೆ ತರುವ, ಎರಡು ಸಾಲಾಗಿ ಜೋಡಿಸಿದ ತೆಳುಹಲಗೆಗಳು. ಹಲಗೆಗಳ ಸಂಖ್ಯೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಕೆಲವಕ್ಕೆ ಹತ್ತರ ಆಸುಪಾಸು, ಎಕೆನೀಸ್ ನಾಕ್ರೇಟಿಸಿಗೆ ಇಪ್ಪತ್ತಕ್ಕೂ ಹೆಚ್ಚು. ಎಷ್ಟೋ ಬಾರಿ ಮೀನಿನ ಪ್ರಭೇದವನ್ನು ನಿರ್ಧರಿಸಲು ತಜ್ಞರು ಮೊದಲು ಎಣಿಸುವುದು ಈ ಹಲಗೆಗಳನ್ನೇ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ಶಾರ್ಕಿನ ಹೊಟ್ಟೆಯಡಿ ಅಂಟಿಕೊಂಡ ಈ ಮೀನಿನ ಚಿತ್ರವನ್ನು ನೋಡಿದವರು, ಬಿಲ್ಲೆ ಅದರ ಹೊಟ್ಟೆಯ ಕಡೆಗಿದೆಯೆಂದು ತಿಳಿಯುವುದು ಸಾಮಾನ್ಯ. ವಾಸ್ತವದಲ್ಲಿ ಅಲ್ಲಿ ತೋರುತ್ತಿರುವುದೇ ಮೀನಿನ ಹೊಟ್ಟೆ. ಅಂಟಿರುವುದು ಬೆನ್ನಿನ ಕಡೆ. ತಿಮಿಂಗಿಲದ ಬೆನ್ನೇರಿದಾಗ ಅದು ಅಂಗಾತವಾಗಿರುತ್ತದೆ. ಶಾರ್ಕಿನ ಪಕ್ಕೆಗೆ ಅಂಟಿದಾಗ ಅಡ್ಡಲಾಗಿರುತ್ತದೆ. ಬಹುಪಾಲು ಕಡಲಮೀನುಗಳಿಗೆ ಬೆನ್ನು ಗಾಢ, ಹೊಟ್ಟೆ ಬಿಳುಪು. ಮೇಲಿನಿಂದ ನೋಡುವ ಶತ್ರುವಿಗೂ ಕೆಳಗಿನಿಂದ ನೋಡುವ ಶತ್ರುವಿಗೂ ಸುಲಭವಾಗಿ ಕಾಣಿಸದಿರಲು ಇದೊಂದು ಉಪಾಯ. ಮೇಲು ಕೆಳಗು ಎಂಬುದೇ ಸ್ಥಿರವಿಲ್ಲದ ಅಂಟುಮೀನಿಗೆ ಈ ಉಪಾಯದಿಂದ ಪ್ರಯೋಜನವಿಲ್ಲ. ಆದಕಾರಣ ಅದರ ಬೆನ್ನು ಹೊಟ್ಟೆಗಳ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಪ್ರಾಚೀನರು ಈ ಮೀನಿಗೆ ಕೊಟ್ಟ ಸ್ಥಾನ ಬಹು ದೊಡ್ಡದು. ಗ್ರೀಕರು ಇದನ್ನು ‘ಹಡಗು ಹಿಡಿಯುವುದು’ ಎಂಬರ್ಥದ ಹೆಸರಿನಿಂದ ಕರೆದರು. ಲ್ಯಾಟಿನ್ ಭಾಷೆಯಲ್ಲಿ ‘ರೆಮೋರ’ ಎಂದರೆ ತಡೆ, ವಿಳಂಬ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದಾಗ ಮಡಿದ ರೋಮನ್ ವಿದ್ವಾಂಸ ಪ್ಲಿನಿ ತನ್ನ ನಿಸರ್ಗಚರಿತ್ರೆಯ ಬೃಹದ್ಗ್ರಂಥದಲ್ಲಿ ಈ ಪುಟ್ಟ ಮೀನಿನ ಮಹಿಮೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಬಿರುಗಾಳಿ ಬೀಸಲಿ, ಅಲೆಗಳು ಮೊರೆಯಲಿ, ಇದು ಅಂಟಿದ ಹಡಗು ಕದಲದಂತೆ. ಕ್ರಿ. ಪೂ. 31ರ ಆಕ್ಟಿಯಮ್ ಕದನದಲ್ಲಿ ಆಂಟನಿಯ ಹಡಗನ್ನು ತಡೆದು ನಿಲ್ಲಿಸಿದ್ದು ಇದೇ ಎಂದು ಆತನ ಹೇಳಿಕೆ. ಚಕ್ರವರ್ತಿ ಕಲಿಗುಲನ ಹಡಗು ಒಮ್ಮೆ ತನ್ನ ಇಡೀ ಪಡೆಯಲ್ಲಿ ತಾನೊಂದೇ ನಿಂತುಬಿಟ್ಟಿತು. ನೀರಿಗಿಳಿದು ಹುಡುಕಿದವರು ಚುಕ್ಕಾಣಿಗೆ ಅಂಟಿದ್ದ ಈ ಮೀನನ್ನು ತಂದು ತೋರಿಸಿದರು. ನಾನೂರು ಮಂದಿ ಹುಟ್ಟುಗಾರರ ಬಲವನ್ನು ಇಷ್ಟು ಸಣ್ಣ ಪ್ರಾಣಿ ಸೋಲಿಸಿತೆ ಎಂದು ಚಕ್ರವರ್ತಿ ಕೆರಳಿದನಂತೆ. ನ್ಯಾಯಾಲಯದ ವ್ಯಾಜ್ಯಗಳನ್ನು ಮುಂದೂಡಿಸುವ ಮಾಟಕ್ಕೂ ಈ ಮೀನನ್ನು ಬಳಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ವ್ಯಾಜ್ಯಗಳು ಮೀನಿನ ಸಹಾಯವಿಲ್ಲದೆಯೇ ಮುಂದೆ ಹೋಗಬಲ್ಲವು ಎಂಬುದು ನಮ್ಮ ಓದುಗರಿಗೆ ತಿಳಿಯದ ಸಂಗತಿಯಲ್ಲ.

ಇದಕ್ಕಿಂತ ಗಮನಾರ್ಹವಾದುದು, ಪ್ಲಿನಿಯ ಮುಂದಿನ ತಲೆಮಾರಿನ ಗ್ರೀಕ್ ಲೇಖಕ ಪ್ಲೂಟಾರ್ಕ್ ದಾಖಲಿಸಿರುವ ಭೋಜನಕೂಟದ ಚರ್ಚೆ. ಊಟಕ್ಕೆ ಕುಳಿತವರಲ್ಲಿ ಒಬ್ಬ ಈ ಮೀನಿನ ಮಹಿಮೆಯನ್ನು ಎತ್ತುತ್ತಾನೆ. ಕೆಲವರು ನಗುತ್ತಾರೆ, ಕೆಲವರು ಇಂಥವೇ ಬೇರೆ ಅದ್ಭುತಗಳನ್ನು ಹೇಳತೊಡಗುತ್ತಾರೆ. ಆಗ ಪ್ಲೂಟಾರ್ಕ್ ಎತ್ತುವ ಸಂದೇಹ ಇದು: ಬಹುಕಾಲ ನೀರಿನಲ್ಲಿದ್ದ ಹಡಗಿನ ತಳದಲ್ಲಿ ಪಾಚಿ, ಕಡಲಕಳೆ ಬೆಳೆಯುತ್ತವೆ. ತಳ ಒರಟಾದ ಹಡಗು ತಾನಾಗಿ ನಿಧಾನವಾಗುತ್ತದೆ. ಅಂಥ ತಳಕ್ಕೆ ಮೀನು ಬಂದು ಸೇರುತ್ತದೆ. ಹಡಗು ನಿಧಾನವಾದುದಕ್ಕೂ ಮೀನು ಬಂದುದಕ್ಕೂ ಕಾರಣ ಪಾಚಿಯೇ ಆಗಿರುವಾಗ, ಜನ ಮೀನನ್ನೇ ಕಾರಣವೆಂದು ತಿಳಿದರು. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗಬೇಕಿಲ್ಲ ಎಂಬ ವಿಜ್ಞಾನದ ಮೊದಲ ಪಾಠವನ್ನು, ಸುಮಾರು ಹತ್ತೊಂಬತ್ತು ಶತಮಾನಗಳ ಹಿಂದೆ, ಊಟದ ಮೇಜಿನ ಬಳಿ ಈ ಮೀನಿನ ನೆಪದಲ್ಲಿ ಹೇಳಿದುದು ಸಾಮಾನ್ಯ ಮಾತಲ್ಲ. ಪರೀಕ್ಷೆಯ ಉತ್ತರವನ್ನು ಒರೆಗೆ ಹಚ್ಚುವಾಗ ನಮಗೂ ಇದೇ ಎಚ್ಚರ ಬೇಕಾಗುತ್ತದೆ.

ಇನ್ನು ಬಿಲ್ಲೆಯ ಕಾರ್ಯವಿಧಾನವನ್ನು ನೋಡೋಣ. ಮಕ್ಕಳು ನೀರು ಕುಡಿದ ಲೋಟವನ್ನು ಬಾಯಿಗೆ ಒತ್ತಿ, ಒಳಗಿನ ಗಾಳಿಯನ್ನು ಹೀರಿ, ಕೈ ಬಿಟ್ಟು ಆಡುವುದುಂಟು. ಲೋಟ ಬೀಳದೆ ಬಾಯಿಯ ಸುತ್ತ ಕಚ್ಚಿ ನಿಲ್ಲುತ್ತದೆ. ಲೋಟವನ್ನು ಹಿಡಿದಿರುವುದು ನಮ್ಮ ತುಟಿಯಲ್ಲ. ಒಳಗೆ ಒತ್ತಡ ತಗ್ಗಿದುದರಿಂದ ಹೊರಗಿನ ವಾಯುಮಂಡಲವೇ ಅದನ್ನು ಮುಖಕ್ಕೆ ಒತ್ತಿ ಹಿಡಿದಿರುತ್ತದೆ. ಅಂಟುಮೀನು ಮಾಡುವುದೂ ಇದನ್ನೇ. ಮೊದಲು ಬಿಲ್ಲೆಯ ಮೆತ್ತನೆಯ ಅಂಚನ್ನು ಶಾರ್ಕಿನ ಮೈಗೆ ಒತ್ತುತ್ತದೆ. ಬಳಿಕ ಸ್ನಾಯುಗಳ ಬಲದಿಂದ ಒಳಗಿನ ಹಲಗೆಗಳನ್ನು ನಿಲ್ಲಿಸುತ್ತದೆ. ಹಲಗೆಗಳು ಎದ್ದಾಗ ಒಳಗಿನ ಅವಕಾಶ ಹಿಗ್ಗಿ ಅಲ್ಲಿನ ಒತ್ತಡ ಇಳಿಯುತ್ತದೆ. ಹೊರಗಿನ ನೀರಿನ ಒತ್ತಡ ಮೀನನ್ನು ಶಾರ್ಕಿಗೆ ಅದುಮಿ ಹಿಡಿಯುತ್ತದೆ.

ಆದರೆ ಕೇವಲ ಹೀರುವಿಕೆಯಿಂದ ಎಲ್ಲವೂ ಸಾಗುವುದಿಲ್ಲ. ಒದ್ದೆಯಾದ ಗಾಜಿಗೆ ಅಂಟಿಸಿದ ರಬ್ಬರು ಬಟ್ಟಲನ್ನು ಮೇಲಕ್ಕೆ ಕೀಳುವುದು ಕಷ್ಟವಾದರೂ ಪಕ್ಕಕ್ಕೆ ಜಾರಿಸುವುದು ಸುಲಭ. ವೇಗವಾಗಿ ಸಾಗುವ ಶಾರ್ಕಿನ ಮೇಲೆ ನೀರಿನ ಹರಿವು ಅಂಟುಮೀನನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಅಲ್ಲಿನ ಅಪಾಯ ಜಾರುವುದೇ. ಇದಕ್ಕೆ ಪರಿಹಾರ ಹಲಗೆಗಳ ಮೇಲಿನ ಕಿರುಮುಳ್ಳುಗಳು. ಇವು ಮೀನಿನ ಬಾಲದ ದಿಕ್ಕಿಗೆ ಬಾಗಿವೆ. ಶಾರ್ಕಿನ ಚರ್ಮವಾದರೋ ನುಣುಪಾದುದಲ್ಲ. ಅದರ ತುಂಬ ಹಲ್ಲಿನಂಥ ರಚನೆಯುಳ್ಳ ಅತಿಸೂಕ್ಷ್ಮ ಹುರುಪೆಗಳಿವೆ, ಮುಟ್ಟಿದರೆ ಮರಳುಕಾಗದದಂತೆ. ಹಿಂದಕ್ಕೆ ತಳ್ಳಿದಷ್ಟೂ ಕಿರುಮುಳ್ಳುಗಳು ಆ ಒರಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಲದ ಬದುವಿನಲ್ಲಿ ನಡೆಯುವಾಗ ಉತ್ತರಾಣಿಯ ಕಾಳುಗಳು ಧೋತರದ ಅಂಚಿಗೆ ಕಚ್ಚಿಕೊಂಡ ಅನುಭವ ಇರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನುಣುಪಾದ ಪ್ಲಾಸ್ಟಿಕ್ ಹಲಗೆಯ ಮೇಲೆ ಅಂಟುಮೀನು ತಡೆದುಕೊಂಡ ಎಳೆತ ಸುಮಾರು 11 ನ್ಯೂಟನ್. ಶಾರ್ಕಿನ ಚರ್ಮದ ಮೇಲೆ ಅದು ಸುಮಾರು 17 ನ್ಯೂಟನ್. ಒರಟು ಮೇಲ್ಮೈಯಲ್ಲಿ ಹೀರುವ ಬಟ್ಟಲು ಸೋಲಬೇಕೆಂಬುದು ನಮ್ಮ ನಿರೀಕ್ಷೆ. ಇಲ್ಲಿ ನಡೆದುದು ಅದಕ್ಕೆ ವಿರುದ್ಧ.

ಕಳಚಿಕೊಳ್ಳುವ ಬಗೆ ಇನ್ನೂ ಸರಳ. ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಮೀನು ತುಸು ಮುಂದಕ್ಕೆ ಈಜಿದರೆ ಸಾಕು, ಹಿಡಿತ ಬಿಟ್ಟುಹೋಗುತ್ತದೆ. ಬಾಲ ಹಿಡಿದು ಎಳೆದವನಿಗೆ ಬಿಡದ ಮೀನು, ತಲೆಯ ಕಡೆಗೆ ನೂಕಿದವನಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಈ ಚಿಕ್ಕ ಗುಟ್ಟನ್ನು ವಿಜ್ಞಾನಿಗಳಿಗಿಂತ ಮುಂಚೆಯೇ ಕಂಡುಕೊಂಡು ಜೀವನೋಪಾಯ ಮಾಡಿಕೊಂಡವರನ್ನು ಮುಂದೆ ನೋಡಲಿದ್ದೇವೆ. ಬಿಲ್ಲೆಯ ಅಂಚಿನಲ್ಲಿ ಸ್ಪರ್ಶವನ್ನರಿಯುವ ವಿಶೇಷ ಅಂಗಗಳಿರುವುದು 2020ರಲ್ಲಿ ಬೆಳಕಿಗೆ ಬಂತು. ತಾನು ಸರಿಯಾಗಿ ತಾಗಿದೆಯೆ ಇಲ್ಲವೆ ಎಂಬುದು ಮೀನಿಗೆ ಇವುಗಳಿಂದ ತಿಳಿಯುತ್ತದೆ. ಈ ಬಿಲ್ಲೆಯನ್ನು ಅನುಕರಿಸಿ 2017ರಲ್ಲಿ ಸಂಶೋಧಕರು ರಚಿಸಿದ ಒಂದು ಯಂತ್ರಬಿಲ್ಲೆ ತನ್ನ ತೂಕದ 340 ಪಟ್ಟು ಎಳೆತವನ್ನು ತಡೆದುಕೊಂಡಿತು.

ಇಂಥ ಅಂಗ ಎಲ್ಲಿಂದ ಬಂತು? ನಮ್ಮ ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಕಡಲು ದೂರ. ಆದರೆ ಅಂಟಿಕೊಳ್ಳುವ ಮೀನುಗಳು ನಮ್ಮ ಹೊಳೆಗಳಲ್ಲಿಯೂ ಇವೆ. ದಕ್ಷಿಣ ಭಾರತದ ತೊರೆಗಳಲ್ಲಿ ಬಂಡೆಗಳಿಗೆ ಕಚ್ಚಿಕೊಂಡು, ರಭಸದ ನೀರನ್ನು ಎದುರಿಸಿ ನಿಲ್ಲುವ ಗ್ಯಾರ ಕುಲದ ಸಣ್ಣ ಮೀನುಗಳಿಗೆ ಬಾಯಿಯ ಕೆಳಗೆ ಒಂದು ಬಿಲ್ಲೆಯಿದೆ. ಅದು ಕೆಳತುಟಿಯೇ ಅಗಲವಾಗಿ ಬೆಳೆದ ರೂಪ. ಅಂಟುಮೀನಿನ ಬಿಲ್ಲೆಗೆ ತುಟಿಯ ಸಂಬಂಧವೇ ಇಲ್ಲ. ಅದು ರೂಪಾಂತರ ಹೊಂದಿದ ಬೆನ್ನಿನ ಈಜುರೆಕ್ಕೆ! ಬೇರೆ ಮೀನುಗಳ ಬೆನ್ನಿನ ಮೇಲೆ ಮುಳ್ಳುಗಳಿಂದ ಕೂಡಿ ನೆಟ್ಟಗೆ ನಿಲ್ಲುವ ಮೊದಲ ರೆಕ್ಕೆ ಇಲ್ಲಿ ಮಲಗಿ, ಅಗಲವಾಗಿ, ಮುಂದಕ್ಕೆ ಸರಿದು ತಲೆಯನ್ನೇರಿದೆ. ಒಂದೊಂದು ಮುಳ್ಳೂ ಎಡಬಲಕ್ಕೆ ಚಾಚಿಕೊಂಡು ಒಂದೊಂದು ಜೊತೆ ಹಲಗೆಯಾಗಿದೆ.

ಇದು ಕೇವಲ ಊಹೆಯಲ್ಲ. ಎರಡು ಕಡೆಯಿಂದ ಸಾಕ್ಷ್ಯ ದೊರೆತಿದೆ. ಮೊದಲನೆಯದು ಮರಿಮೀನಿನ ಬೆಳವಣಿಗೆ. ಮೊಟ್ಟೆಯಿಂದ ಹೊರಬಂದ ಮರಿಗೆ ಬಿಲ್ಲೆಯಿರುವುದಿಲ್ಲ. ಮರಿ ಸುಮಾರು ಒಂದು ಸೆಂಟಿಮೀಟರ್ ಉದ್ದವಾದಾಗ ಅದರ ಕುರುಹು ತಲೆಯ ಹಿಂಭಾಗದಲ್ಲಿ ಕಾಣತೊಡಗುತ್ತದೆ. ಅಲ್ಲಿಂದ ಹಿಗ್ಗುತ್ತ ಮುಂದಕ್ಕೆ ಸರಿಯುತ್ತದೆ. ಮೂರು ಸೆಂಟಿಮೀಟರಿನ ವೇಳೆಗೆ ಮರಿ ತನ್ನ ಮೊದಲ ಸವಾರಿಗೆ ಸಿದ್ಧ. 2012ರಲ್ಲಿ ಬ್ರಿಟ್ಜ್ ಮತ್ತು ಜಾನ್ಸನ್ ಎಂಬ ಇಬ್ಬರು ಪ್ರಾಣಿಶಾಸ್ತ್ರಜ್ಞರು ಮರಿಗಳ ಎಲುಬುಗಳನ್ನು ಹಂತಹಂತವಾಗಿ ಪರಿಶೀಲಿಸಿ, ಸಾಮಾನ್ಯ ಮೀನೊಂದರ ಈಜುರೆಕ್ಕೆಯ ಎಲುಬುಗಳಿಗೂ ಬಿಲ್ಲೆಯ ಎಲುಬುಗಳಿಗೂ ಇರುವ ಸಂಬಂಧವನ್ನು ಒಂದೊಂದಾಗಿ ತೋರಿಸಿಕೊಟ್ಟರು. ಎರಡನೆಯ ಸಾಕ್ಷ್ಯ ಕಲ್ಲಿನಲ್ಲಿ ದೊರೆತುದು. ಸ್ವಿಟ್ಜರ್ಲೆಂಡಿನ ಗ್ಲಾರಸ್ ಪ್ರದೇಶದ ಕಪ್ಪುಕಲ್ಲಿನ ಪದರಗಳಲ್ಲಿ ಸುಮಾರು ಮೂರು ಕೋಟಿ ವರ್ಷಗಳ ಹಿಂದಿನ ಓಪಿಸ್ಥೋಮೈಜಾನ್ ಎಂಬ ಮೀನಿನ ಪಳೆಯುಳಿಕೆಗಳಿವೆ. 2013ರಲ್ಲಿ ಇದರ ಮರುಪರಿಶೀಲನೆ ನಡೆಯಿತು. ಇದಕ್ಕೂ ಬಿಲ್ಲೆಯುಂಟು; ಆದರೆ ಅದು ತಲೆಯ ಮೇಲಿಲ್ಲ, ತಲೆಯ ಹಿಂದೆ ಬೆನ್ನಿನ ಮೇಲಿದೆ. ಹಲಗೆಗಳು ಕಡಿಮೆ, ಅವುಗಳ ಮೇಲೆ ಕಿರುಮುಳ್ಳುಗಳೂ ಇಲ್ಲ. ಇಂದಿನ ಮರಿ ತನ್ನ ಬಾಲ್ಯದಲ್ಲಿ ಹಾದುಬರುವ ದಾರಿಯನ್ನೇ ಅದರ ವಂಶ ಕೋಟ್ಯಂತರ ವರ್ಷಗಳಲ್ಲಿ ಹಾದುಬಂದಂತೆ ತೋರುತ್ತದೆ. ಅಂಟುಮೀನಿನ ಹತ್ತಿರದ ಬಂಧುಗಳಲ್ಲೊಂದಾದ ಕೋಬಿಯಾ ಎಂಬ ದೊಡ್ಡ ಮೀನು ಅರಬ್ಬಿ ಸಮುದ್ರದಲ್ಲಿಯೂ ಇದೆ. ಅದಕ್ಕೆ ಬಿಲ್ಲೆಯಿಲ್ಲ, ಆದರೂ ದೊಡ್ಡ ತೊರಕೆಗಳ ಮತ್ತು ಶಾರ್ಕುಗಳ ಬೆನ್ನುಹತ್ತಿ ಈಜುವ ಅಭ್ಯಾಸವಿದೆ. ದೊಡ್ಡವರ ಹಿಂದೆ ಹೋಗುವ ಚಾಳಿ ಮೊದಲು ಬಂದು, ಹಿಡಿದುಕೊಳ್ಳುವ ಸಾಧನ ಆಮೇಲೆ ಬಂದಿರಬೇಕೆಂದು ಭಾವಿಸಲು ಇದು ಅವಕಾಶ ಕೊಡುತ್ತದೆ.

ಈಗ ಲಾಭದ ಮಾತು. ಸವಾರಿಯಿಂದ ಈಜುವ ಶ್ರಮ ಉಳಿಯುತ್ತದೆ, ದೊಡ್ಡ ಪ್ರಾಣಿಯ ಆಶ್ರಯ ದೊರೆಯುತ್ತದೆ, ಶಾರ್ಕಿನ ಊಟದ ತುಣುಕುಗಳು ಬಾಯಿಗೆ ಬೀಳುತ್ತವೆ. ಇಷ್ಟನ್ನು ಎಲ್ಲರೂ ಬಲ್ಲರು. ಉಸಿರಾಟದ ಲಾಭ ಅಷ್ಟಾಗಿ ಪರಿಚಿತವಲ್ಲ. ಮೀನು ಉಸಿರಾಡಬೇಕಾದರೆ ಕಿವಿರುಗಳ ಮೇಲೆ ನೀರು ಹರಿಯುತ್ತಿರಬೇಕು. ನಿಂತ ಮೀನು ಬಾಯಿಯನ್ನೂ ಕಿವಿರುಮುಚ್ಚಳವನ್ನೂ ಎಡೆಬಿಡದೆ ಆಡಿಸಿ ನೀರನ್ನು ತಳ್ಳಿಕೊಳ್ಳುತ್ತದೆ, ಇದು ದುಡಿಮೆ. ಶಾರ್ಕಿನ ಮೇಲೆ ಕುಳಿತ ಅಂಟುಮೀನು, ಶಾರ್ಕಿನ ವೇಗ ಹೆಚ್ಚಿದೊಡನೆ ಈ ದುಡಿಮೆಯನ್ನು ನಿಲ್ಲಿಸಿ, ಬಾಯಿ ತೆರೆದುಕೊಂಡು ಸುಮ್ಮನಿದ್ದುಬಿಡುತ್ತದೆ. ಎದುರಿನ ನೀರು ತಾನಾಗಿ ಒಳಹೊಕ್ಕು ಕಿವಿರುಗಳನ್ನು ತೊಳೆದು ಹೋಗುತ್ತದೆ. 1983ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಇದರಿಂದ ಉಳಿಯುವ ಆಮ್ಲಜನಕ ಶೇಕಡ 5ರ ಆಸುಪಾಸು. ಅತ್ಯಲ್ಪವೆಂದು ತೋರಬಹುದು, ಹಗಲಿರುಳು ಉಳಿಯುವ ಅಲ್ಪ ಅಲ್ಪವಲ್ಲ.

ಸವಾರ ಎಲ್ಲಿ ಕೂಡಬೇಕೆಂಬುದನ್ನೂ ಬಲ್ಲ. 2020ರಲ್ಲಿ ನೀಲಿ ತಿಮಿಂಗಿಲಗಳ ಬೆನ್ನಿಗೆ ಅಂಟಿಸಿದ ಪುಟ್ಟ ಚಲನಚಿತ್ರ ಯಂತ್ರಗಳ ಮೂಲಕ ಪಡೆದ ದೃಶ್ಯಗಳ ಅಧ್ಯಯನವೊಂದು ಪ್ರಕಟವಾಯಿತು. 27 ತಿಮಿಂಗಿಲಗಳು, 211 ನಿಮಿಷಗಳ ದೃಶ್ಯ. ಅಂಟುಮೀನುಗಳು ಕಂಡಕಂಡಲ್ಲಿ ಕುಳಿತಿರಲಿಲ್ಲ. ತಿಮಿಂಗಿಲ ಉಸಿರು ಬಿಡುವ ರಂಧ್ರದ ಹಿಂದೆ, ಬೆನ್ನಿನ ರೆಕ್ಕೆಯ ಪಕ್ಕ ಮತ್ತು ಹಿಂದೆ, ತೋಳುರೆಕ್ಕೆಯ ಮೇಲೆ ಮತ್ತು ಹಿಂದೆ ಅವು ನೆರೆದಿದ್ದವು. ಗಣಕಯಂತ್ರದ ನೆರವಿನಿಂದ ನೀರಿನ ಹರಿವನ್ನು ಲೆಕ್ಕಹಾಕಿದಾಗ, ಈ ಸ್ಥಳಗಳಲ್ಲಿ ನೀರಿನ ತಡೆ ತೆರೆದ ಕಡಲಿಗಿಂತ ಶೇಕಡ 71ರಿಂದ 84ರಷ್ಟು ಕಡಿಮೆಯೆಂದು ಕಂಡುಬಂತು. ದೊಡ್ಡ ಬಂಡೆಯ ಹಿಂದೆ ನಿಂತವನಿಗೆ ಗಾಳಿ ತಾಗದಂತೆ ಇದು. ಇನ್ನೂ ಸೋಜಿಗವೆಂದರೆ, ಈ ಮೀನುಗಳು ಒಂದೇ ಕಡೆ ಅಂಟಿ ಕುಳಿತಿರಲಿಲ್ಲ. ಬಿಲ್ಲೆಯನ್ನು ಸಡಿಲಿಸಿ ತಿಮಿಂಗಿಲದ ಮೈಯ ಮೇಲೆ ಜಾರುತ್ತ, ಮೇಯುತ್ತ, ಒಂದನ್ನೊಂದು ಸಂಧಿಸುತ್ತ ಅತ್ತಿತ್ತ ಓಡಾಡುತ್ತಿದ್ದವು. ಅಂಟುಮೀನೆಂದರೆ ಸೋಮಾರಿ ಎಂಬ ರೂಢಿಯ ಮಾತನ್ನು ಈ ದೃಶ್ಯಗಳು ಉಳಿಸುವುದಿಲ್ಲ.

ಇದರ ಆಹಾರದ ವಿಷಯದಲ್ಲಿಯೂ ಊಟದ ತುಣುಕುಗಳ ಕಥೆ ಅರ್ಧ ಮಾತ್ರ. 1970ರಲ್ಲಿ ಅಮೆರಿಕದ ಕ್ರೆಸಿ ಮತ್ತು ಲ್ಯಾಕ್ನರ್ ಎಂಬ ವಿಜ್ಞಾನಿಗಳು ಬಹುಸಂಖ್ಯೆಯ ಅಂಟುಮೀನುಗಳ ಜಠರಗಳನ್ನು ಸೀಳಿ ನೋಡಿದರು. ಅವುಗಳಲ್ಲಿ ಅನೇಕ ಕಡೆ ಕೋಪಿಪಾಡ್ ಎಂಬ ಕಿರುಜೀವಿಗಳು ದೊರೆತವು. ದೊಡ್ಡ ಮೀನುಗಳ ಮೈಗೂ ಕಿವಿರಿಗೂ ಕಚ್ಚಿ ರಕ್ತಮಾಂಸಗಳನ್ನು ಹೀರುವ ಪರೋಪಜೀವಿಗಳಿವು, ನಮ್ಮ ದನಗಳಿಗೆ ಉಣ್ಣೆಯಿದ್ದಂತೆ. ಹಾಗಾದರೆ ಅಂಟುಮೀನು ದನದ ಬೆನ್ನೇರಿ ಉಣ್ಣೆ ಕುಕ್ಕುವ ಹಕ್ಕಿಯ ಕೆಲಸವನ್ನೂ ಮಾಡುತ್ತಿದೆ! ಎಲ್ಲ ಪ್ರಭೇದಗಳೂ ಸಮನಾಗಿ ಮಾಡುವುದಿಲ್ಲ. ಪ್ರಭೇದದಿಂದ ಪ್ರಭೇದಕ್ಕೆ, ವಯಸ್ಸಿನಿಂದ ವಯಸ್ಸಿಗೆ ವ್ಯತ್ಯಾಸವುಂಟು. ಕೆಲವು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತವೆ. ಆತಿಥೇಯ ಪ್ರಾಣಿಯ ಮಲವನ್ನೇ ಉಣ್ಣುವುದೂ ಉಂಟು. ಆದರೂ ಕೋಪಿಪಾಡ್ ತಿಂದ ಮಟ್ಟಿಗೆ ‘ಶಾರ್ಕಿಗೆ ಲಾಭವಿಲ್ಲ’ ಎಂಬ ಮಾತಿನ ಕಾಲು ಕುಂಟಿತು.

‘ನಷ್ಟವಿಲ್ಲ’ ಎಂಬ ಮಾತಿನ ಸ್ಥಿತಿ ಇದಕ್ಕಿಂತ ಉತ್ತಮವೇನಲ್ಲ. ಬಹಾಮಾ ದ್ವೀಪಗಳ ಬಳಿ ಕಪ್ಪುತುದಿಯ ಶಾರ್ಕುಗಳನ್ನು ಗಮನಿಸಿದ ಸಂಶೋಧಕರು ಕಂಡುದೇನೆಂದರೆ, ಅಂಟುಮೀನು ಮೈಮೇಲೆ ಸರಿದಾಡಿದಾಗ ಶಾರ್ಕುಗಳು ಮೈ ಕೊಡವುತ್ತವೆ, ಹೊರಳುತ್ತವೆ, ಒಮ್ಮೆಲೆ ವೇಗ ಹೆಚ್ಚಿಸುತ್ತವೆ. ನೊಣ ಕುಳಿತ ಎತ್ತು ಚರ್ಮ ನಡುಗಿಸುವುದನ್ನು ಕಂಡವರಿಗೆ ಇದರ ಅರ್ಥ ಹೊಳೆಯದಿರದು. ನೀರಿನಿಂದ ಮೇಲಕ್ಕೆ ಜಿಗಿದು ಗಾಳಿಯಲ್ಲಿ ಬುಗುರಿಯಂತೆ ಸುತ್ತುವ ಡಾಲ್ಫಿನ್‌ಗಳ ಆಟವೂ, ಒಂದು ಅಭಿಪ್ರಾಯದಂತೆ, ಮೈಗಂಟಿದ ಈ ಸವಾರರನ್ನು ಕಿತ್ತೊಗೆಯುವ ಉಪಾಯ. ಫಿಶ್, ನಿಕಾಸ್ಟ್ರೊ ಮತ್ತು ವೈಸ್ ಎಂಬ ಸಂಶೋಧಕರು 2006ರಲ್ಲಿ ಆ ಸುತ್ತುವಿಕೆಯ ಬಲವನ್ನು ಲೆಕ್ಕಹಾಕಿ, ಮರಳಿ ನೀರಿಗೆ ಅಪ್ಪಳಿಸುವಾಗ ಅಂಟುಮೀನನ್ನು ಕೀಳಲು ಅದು ಸಾಲುವುದೆಂದು ತೋರಿಸಿದರು. ಡಾಲ್ಫಿನ್‌ನ ಚರ್ಮ ಶಾರ್ಕಿನಂತೆ ಗಟ್ಟಿಯಲ್ಲ, ಒರಟೂ ಅಲ್ಲ; ಅಲ್ಲಿ ಕಿರುಮುಳ್ಳುಗಳು ಕೆರಳಿಸುವುದು ಸಹಜ. ಅಲ್ಲದೆ ಅಂಟಿದ ಮೀನು ಎಷ್ಟೇ ಚಿಕ್ಕದಾದರೂ ಹೊರೆಯೇ. ಐದು ಮೀಟರಿನ ಶಾರ್ಕಿಗೆ ಅದು ಲೆಕ್ಕಕ್ಕಿಲ್ಲ. ಸಣ್ಣ ಮೀನಿನ ಮೇಲೆ ಮೂರು ಅಂಟುಮೀನುಗಳು ಕುಳಿತರೆ ಅದರ ಈಜಿನ ಮೇಲೆ ಪರಿಣಾಮವಾಗದಿರದು. ಮ್ಯಾಂಟಾ ತೊರಕೆಗಳ ಬಾಯಿಗೂ ಕಿವಿರಿನ ಗೂಡಿಗೂ ನುಗ್ಗಿ ಕುಳಿತ ಅಂಟುಮೀನುಗಳನ್ನು ಮುಳುಗುಗಾರರು ನೋಡಿದ್ದಾರೆ. ಅಲ್ಲಿ ಅತಿಥಿ ಯಾರು, ಕಳ್ಳ ಯಾರು ಎಂಬುದನ್ನು ಹೇಳುವುದು ಕಷ್ಟ.

ನನ್ನ ಅಭಿಪ್ರಾಯದಲ್ಲಿ ಸಹಭೋಜನ, ಪರಸ್ಪರೋಪಕಾರ, ಪರೋಪಜೀವನ ಎಂಬ ಮೂರು ಕೋಣೆಗಳಲ್ಲಿ ಒಂದನ್ನು ಆರಿಸಿ ಈ ಮೀನನ್ನು ಅದರೊಳಗೆ ಕೂಡಿಹಾಕುವುದು ತರವಲ್ಲ. ಕೋಪಿಪಾಡುಗಳಿಂದ ಪೀಡಿತವಾದ ಶಾರ್ಕಿಗೆ ಅದು ವೈದ್ಯ. ನುಣ್ಚರ್ಮದ ಡಾಲ್ಫಿನ್‌ಗೆ ಪೀಡೆ. ಭಾರಿ ತಿಮಿಂಗಿಲಕ್ಕೆ ಇದ್ದೂ ಇಲ್ಲದಂತೆ. ಅದೇ ಮೀನು ಬೆಳೆದಂತೆ, ಕುಳಿತ ಸ್ಥಳ ಬದಲಾದಂತೆ, ಜಮಾಖರ್ಚಿನ ಪಟ್ಟಿಯೂ ಬದಲಾಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಗಳಿಗೆ ಇಷ್ಟನ್ನೆಲ್ಲ ಬರೆಯಲು ಸ್ಥಳವಿಲ್ಲವೆಂಬುದು ನಿಜ. ಆದರೆ “ಸಾಮಾನ್ಯವಾಗಿ” ಎಂಬ ಒಂದು ಪದವನ್ನು ಸೇರಿಸಲು ಸ್ಥಳವಿದೆ.

ಬಾಲ ಹಿಡಿದೆಳೆದರೆ ಹಿಡಿತ ಬಿಗಿಯಾಗುತ್ತದೆಂಬ ಗುಟ್ಟಿನ ಪ್ರಸ್ತಾಪ ಮೇಲೆ ಬಂದಿತ್ತು. 1494ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕ್ಯೂಬಾದ ದಕ್ಷಿಣ ತೀರದಲ್ಲಿ ಸಾಗುತ್ತಿದ್ದಾಗ ಅಲ್ಲಿನ ಮೂಲನಿವಾಸಿಗಳು ಮೀನಿನಿಂದ ಮೀನನ್ನೂ ಆಮೆಯನ್ನೂ ಹಿಡಿಯುವುದನ್ನು ಆತನ ಕಡೆಯವರು ಕಂಡರು. ಅಂಟುಮೀನಿನ ಬಾಲಕ್ಕೆ ಹಗ್ಗ ಕಟ್ಟಿ ನೀರಿಗೆ ಬಿಡುವುದು. ಅದು ಆಮೆಗೆ ಅಂಟಿಕೊಂಡೊಡನೆ ಹಗ್ಗವನ್ನು ಎಳೆಯುವುದು. ಬೇಟೆನಾಯಿಯನ್ನು ಬಿಟ್ಟಂತೆಯೇ. ಅಮೆರಿಕದೊಡನೆ ಯಾವ ಸಂಪರ್ಕವೂ ಇರದಿದ್ದ ಆಸ್ಟ್ರೇಲಿಯಾದ ಉತ್ತರದ ಟಾರಸ್ ಜಲಸಂಧಿಯ ದ್ವೀಪವಾಸಿಗಳಲ್ಲಿಯೂ, ಆಫ್ರಿಕದ ಪೂರ್ವತೀರದ ಜಂಜೀಬಾರ್, ಮೊಜಾಂಬಿಕ್ ಕಡೆಯ ಮೀನುಗಾರರಲ್ಲಿಯೂ ಇದೇ ಪದ್ಧತಿಯಿತ್ತು. 1884ರಲ್ಲಿ ಜಂಜೀಬಾರಿನಲ್ಲಿದ್ದ ಬ್ರಿಟಿಷ್ ರಾಜಪ್ರತಿನಿಧಿ ಹೋಮ್‌ವುಡ್ ಇದನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘಕ್ಕೆ ವರದಿ ಮಾಡಿದನು. ನ್ಯೂಯಾರ್ಕಿನ ನಿಸರ್ಗಚರಿತ್ರೆಯ ವಸ್ತುಸಂಗ್ರಹಾಲಯದ ಗಡ್ಜರ್ 1919ರಲ್ಲಿ ಇಂಥ ಎಲ್ಲ ವೃತ್ತಾಂತಗಳನ್ನು ಒಂದೆಡೆ ಸಂಗ್ರಹಿಸಿದನು. ಭಾರಿ ಆಮೆಯನ್ನು ಮೇಲೆಳೆಯುವಷ್ಟು ಬಲ ಒಂದು ಮೀನಿಗೆ ಇರಲಾರದು. ಅಂಥ ಸಂದರ್ಭದಲ್ಲಿ ಮುಳುಗುಗಾರನೊಬ್ಬ ಹಗ್ಗದ ಜಾಡಿನಲ್ಲಿ ಇಳಿದು ಆಮೆಯನ್ನು ಹಿಡಿಯುತ್ತಿದ್ದನು. ಮೀನು ಸ್ಥಳವನ್ನು ತೋರಿಸಿ ತಡೆದು ನಿಲ್ಲಿಸಿದರೆ ಸಾಕಾಗಿತ್ತು. ಹಡಗನ್ನು ನಿಲ್ಲಿಸಲಾರದ ಮೀನು ಆಮೆಯನ್ನು ನಿಲ್ಲಿಸಿತು. ಗ್ರಂಥಸ್ಥ ಪಂಡಿತರಿಗಿಂತ ಮೀನುಗಾರರ ಅಳತೆಯೇ ಸರಿಯಾಗಿತ್ತು.

ಅಂಟುಮೀನುಗಳಲ್ಲಿ ಆಯ್ಕೆಯ ಹಟ ಎಲ್ಲಕ್ಕೂ ಒಂದೇ ತೆರನಾಗಿಲ್ಲ. ಎಕೆನೀಸ್ ನಾಕ್ರೇಟಿಸ್ ಶಾರ್ಕು, ತೊರಕೆ, ಆಮೆ, ದೋಣಿ, ಯಾವುದನ್ನೂ ಬಿಡುವುದಿಲ್ಲ. ಮುಳುಗುಗಾರನ ಕಾಲಿಗೂ ಅಂಟಲು ಹಿಂಜರಿಯದು. ಯಾರೂ ಸಿಗದಿದ್ದರೆ ತೀರದ ಬಳಿ ತಾನೇ ಈಜಿಕೊಂಡಿರುತ್ತದೆ. ರೆಮೋರ ಆಸ್ಟ್ರಾಲಿಸ್ ತಿಮಿಂಗಿಲ ಮತ್ತು ಡಾಲ್ಫಿನ್‌ಗಳನ್ನು ಬಿಟ್ಟು ಬೇರೆಯವರನ್ನು ಏರುವುದು ಕಾಣೆ. ರೆಮೋರ ಆಸ್ಟಿಯೋಕಿರ್ ಎಂಬುದಕ್ಕೆ ಮಾರ್ಲಿನ್, ಹಾಯಿಮೀನುಗಳಂಥ ಈಟಿಮೂತಿಯ ಮೀನುಗಳೇ ಬೇಕು. ಬಿಳಿಚಿದ ಮೈಯ ರೆಮೋರ ಆಲ್ಬಿಸೆನ್ಸ್ ಮ್ಯಾಂಟಾ ತೊರಕೆಯನ್ನು ನೆಚ್ಚಿಕೊಂಡಿದೆ. ವಾಹನ ಇಲ್ಲವಾದರೆ ಇಂಥ ಸವಾರರ ಗತಿಯೇನು?

ಈ ಪ್ರಶ್ನೆ ಕಲ್ಪಿತವಲ್ಲ. 2021ರಲ್ಲಿ ಪ್ರಕಟವಾದ ವಿಶ್ವವ್ಯಾಪಿ ಪರಿಶೀಲನೆಯೊಂದರ ಪ್ರಕಾರ, 1970ರಿಂದೀಚೆಗೆ ತೆರೆಗಡಲಿನ ಶಾರ್ಕು ಮತ್ತು ತೊರಕೆಗಳ ಸಂಖ್ಯೆ ಶೇಕಡ 71ರಷ್ಟು ಕುಸಿದಿದೆ. ಮುಖ್ಯ ಕಾರಣ ಮಿತಿಮೀರಿದ ಮೀನುಗಾರಿಕೆ. ನಮ್ಮ ಪಶ್ಚಿಮ ತೀರದಲ್ಲಿ ತಿಮಿಂಗಿಲ ಶಾರ್ಕ್ ಎಂಬ ಜಗತ್ತಿನ ಅತಿದೊಡ್ಡ ಮೀನನ್ನು ಗುಜರಾತಿನ ವೇರಾವಳದ ಸುತ್ತಮುತ್ತ ಎಣ್ಣೆಗಾಗಿ, ಮಾಂಸಕ್ಕಾಗಿ ಬೇಟೆಯಾಡುತ್ತಿದ್ದರು. 2001ರಲ್ಲಿ ಭಾರತ ಸರಕಾರ ಅದನ್ನು ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲ ಅನುಸೂಚಿಗೆ ಸೇರಿಸಿತು. ಅಲ್ಲಿಂದಾಚೆಗೆ ಬಲೆಯಲ್ಲಿ ಅಕಸ್ಮಾತ್ ಸಿಕ್ಕಿದ ತಿಮಿಂಗಿಲ ಶಾರ್ಕನ್ನು ಗುಜರಾತಿನ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ಕಡಲಿಗೆ ಬಿಟ್ಟ ಪ್ರಸಂಗಗಳು ನೂರಾರು. ಹಾಗೆ ಬಿಡುಗಡೆ ಪಡೆದು ಆಳಕ್ಕೆ ಇಳಿಯುವ ಆ ಮಹಾಮೀನಿನ ಹೊಟ್ಟೆಯಡಿಯಲ್ಲಿ, ಬಲೆ ಕತ್ತರಿಸಿದವರ ಕಣ್ಣಿಗೆ ಬೀಳದೆ, ಒಂದೋ ಎರಡೋ ಅಂಟುಮೀನುಗಳೂ ಜೊತೆಗೆ ಇಳಿದುಹೋಗುತ್ತವೆ.